ಮುಗೀತು ಎನ್ನದ ಡಿಸ್ಕು

ಸಿಂದಗಿ, ಹೊರಡುವ ಮುನ್ನ

ನಾನು ಜಪಾನಿಗೆ ಹೋಗುತ್ತೇನೆಂಬ ಸುದ್ದಿ ಹಬ್ಬಿದ ದಿನದಿಂದ ಸಿಂದಗಿಯಲ್ಲಿ ನನಗೆ ಬುದ್ಧಿ ಹೇಳದವರು ಯಾರೂ ಉಳಿಯಲಿಲ್ಲ. "ಅಲ್ಲಿ ಹಸಿ ಮೀನ ತಿಂತಾರಂತ, ರೊಟ್ಟಿ ಕಟಗೊಂಡ ಹೋಗ್ರಿ" ಎಂದರು ಕಿರಾಣಿ ಅಂಗಡಿಯವರು. "ಭೂಮಿ ಅಳ್ಳಾಡತೈತಂತ, ಮಂಚದ ಮ್ಯಾಲ ಮಕ್ಕೋಬ್ಯಾಡ್ರಿ" ಎಂದರು ಬಸ್ ನಿಲ್ದಾಣದ ಪಕ್ಕದ ಟೇಲರ್. ಇಬ್ಬರೂ ವಿಜಯಪುರ ದಾಟಿ ಆಚೆ ಹೋದವರಲ್ಲ. ಆದರೂ ರೊಟ್ಟಿ ಕಟ್ಟಿಕೊಂಡೆ.

ನನ್ನ ಹೆಸರು ಶಹನಾಜ್. ಸಿಂದಗಿಯಲ್ಲಿ ಮದುವೆ ವಿಡಿಯೊ ತೆಗೆಯುವ ಅಂಗಡಿ ನನ್ನದು. ಹೆಣ್ಣುಮಕ್ಕಳ ನಡುವೆ ಗಂಡಸು ಕ್ಯಾಮೆರಾ ಹಿಡಿದು ಬರುವುದು ಬೇಡ ಎನ್ನುವ ನಮ್ಮ ಮನೆಗಳಿಂದ ಶುರುವಾದ ಕೆಲಸ, ಆಮೇಲೆ ಎಲ್ಲರ ಮನೆಗೂ ಹಬ್ಬಿತು. ಹೀಗಾಗಿ ಈ ಭಾಗದ ಸೋಬಾನ ಪದ, ಬೀಗರನ್ನು ಕಾಡುವ ಪದ ಎಲ್ಲ ನನ್ನ ಕಪಾಟಿನಲ್ಲಿ ತುಂಬಿವೆ. ಧಾರವಾಡದ ಅಧ್ಯಾಪಕಿಯೊಬ್ಬರು ಆ ಕಪಾಟು ನೋಡಿ ಬೆರಗಾದರು. ಹಳೆಯ ಡಿಸ್ಕುಗಳನ್ನು ಉಳಿಸಿಕೊಳ್ಳುವುದು ಹೇಗೆ ಎಂದು ಮಾತಾಡಲು ಜಪಾನಿನಲ್ಲಿ ಸೇರುವ ಸಭೆಯೊಂದಕ್ಕೆ ನನ್ನ ಹೆಸರು ಕಳಿಸಿಯೇಬಿಟ್ಟರು. ಸಭೆಯವರು ಬನ್ನಿ ಎಂದರು, ಟಿಕೆಟ್ಟನ್ನೂ ಅವರೇ ಕಳಿಸಿದರು.

ಹೊರಡಲು ಎರಡು ದಿನವಿದ್ದಾಗ ಮುದ್ದೇಬಿಹಾಳದಿಂದ, ನನಗೆ ಅತ್ತಿಗೆಯಂತಿರುವ ಕಾಶವ್ವ ವೈನಿ ಬಸ್ಸು ಹತ್ತಿ ಬಂದರು. ಕುಪ್ಪಸದ ಖಣದ ತುಂಡಿನಲ್ಲಿ ಸುತ್ತಿದ ಒಂದು ಸಣ್ಣ ಡಿಸ್ಕು ನನ್ನ ಕೈಯಲ್ಲಿಟ್ಟರು.

"ಇವ್ರು ಕಳಿಸ್ಯಾರ" ಎಂದು ಪಿಸುಗುಟ್ಟಿದರು. "ನಾನ ತಂದೇನಿ ಅಂತ ಹೇಳು ಅಂದಾರ."

ಅವರು ಪಿಸುಗುಟ್ಟಿದ್ದು ಗುಟ್ಟಿಗಾಗಿ ಅಲ್ಲ. ಅವರಿಗೆ ಈಗ ಉಳಿದಿರುವುದು ಅಷ್ಟೇ ದನಿ. ಆ ಕಥೆ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ನಾನು ಜಪಾನಿಗೆ ಹೋದದ್ದು ಸಭೆಗಿಂತ ಹೆಚ್ಚಾಗಿ ಆ ಡಿಸ್ಕಿಗಾಗಿ.

'ಇವ್ರು' ಎಂದರೆ ಈರಣ್ಣ, ಕಾಶವ್ವ ವೈನಿಯ ಗಂಡ. ಮುದ್ದೇಬಿಹಾಳದಲ್ಲಿ ನನ್ನಂಥದೇ ಅಂಗಡಿ ಅವನದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ಊರಿನ ವಿಡಿಯೊದವರು ನಾವು ವರ್ಷವಿಡೀ ಒಬ್ಬರ ಗಿರಾಕಿಯನ್ನು ಇನ್ನೊಬ್ಬರು ಎಳೆದುಕೊಳ್ಳುವವರು. ಒಂದೇ ಮುಹೂರ್ತಕ್ಕೆ ಹತ್ತು ಮದುವೆ ಬಿದ್ದಾಗ ಮಾತ್ರ ಅಣ್ಣ ತಂಗಿಯರಾಗಿ ಒಬ್ಬರ ಕ್ಯಾಮೆರಾ ಒಬ್ಬರು ಎರವಲು ಒಯ್ಯುವವರು. ಹದಿನೈದು ವರ್ಷದ ಹಿಂದೆ, ಅಂಗೈಯಗಲದ ಬ್ಲೂ-ರೇ ಡಿಸ್ಕಿನ ಮೇಲೆ ನೇರವಾಗಿ ಚಿತ್ರ ಬರೆಯುವ ಕ್ಯಾಮೆರಾವನ್ನು ನಾಲ್ಕೂ ಊರಿಗೆ ಮೊದಲು ತಂದವಳು ನಾನು. ಆ ಜಂಬ ನನ್ನ ತಲೆಯಿಂದ ಇಳಿಯುವ ಮೊದಲೇ ಈರಣ್ಣ ಬಂದು, ನಿಡಗುಂದಿಯಲ್ಲಿ ತನ್ನ ತಂಗಿಯ ಮಗಳ ಮದುವೆ ಎಂದು ಅದನ್ನು ಎರವಲು ಒಯ್ದ.

ಆ ಡಿಸ್ಕಿಗೆ ಒಂದು ಕಟ್ಟಳೆ ಇತ್ತು. ಚಿತ್ರ ತೆಗೆದಾದ ಮೇಲೆ ಕ್ಯಾಮೆರಾ ತಾನೇ ಕೇಳುತ್ತದೆ: ಮುಗಿಸಲೇ? ಹೌದು ಎಂದು ಒತ್ತಿದರೆ ಯಾವ ಕಂಪನಿಯ ಯಂತ್ರದಲ್ಲಾದರೂ ಡಿಸ್ಕು ತೆರೆಯುತ್ತದೆ. ಒತ್ತದಿದ್ದರೆ ಒಳಗಿರುವುದು ಆ ಕ್ಯಾಮೆರಾಕ್ಕೆ ಮಾತ್ರ ಗೊತ್ತು, ಉಳಿದ ಯಂತ್ರಗಳಿಗೆಲ್ಲ ಅದು ಖಾಲಿ ಡಿಸ್ಕು. ಕ್ಯಾಮೆರಾ ಕೊಡುವಾಗ ಇದನ್ನು ಈರಣ್ಣನಿಗೆ ಮೂರು ಸಲ ಹೇಳಿದ್ದೆ.

ಆ ಮದುವೆಯಲ್ಲಿ ಕಾಶವ್ವ ವೈನಿ ಹಾಡಿದ್ದರು. ಅವರು ಹಾಡಿದರೆ ಬೀಗರು ತಲೆ ತಗ್ಗಿಸಿ ನಗಬೇಕು, ಅಂಥ ಹಾಡು. ಮುಂದಿನ ವರ್ಷ ಗಂಟಲಿನ ಆಪರೇಶನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಅವರ ಹಾಡು ಉಳಿದಿದ್ದರೆ ಆ ಡಿಸ್ಕಿನಲ್ಲಿ ಮಾತ್ರ. ಅಷ್ಟರಲ್ಲಿ ನನ್ನ ಕ್ಯಾಮೆರಾ ಬಾಗೇವಾಡಿಯ ಮದುವೆಯೊಂದರಲ್ಲಿ ಸ್ಟೇಜಿನಿಂದ ಬಿದ್ದು ಚೂರಾಗಿತ್ತು. ವಿಜಯಪುರ, ಹುಬ್ಬಳ್ಳಿ, ಬೆಂಗಳೂರು, ಎಲ್ಲಿ ತೋರಿಸಿದರೂ ಖಾಲಿ ಡಿಸ್ಕು ಎಂದರು.

"ಒತ್ತಿದ್ರೋ ಇಲ್ಲೋ?" ಎಂದು ಈರಣ್ಣನನ್ನು ಕೇಳಿದೆ.

"ಮರ್ತ ಬಿಟ್ನಿರಿ ಅಕ್ಕಾರ" ಎಂದ.

ಸಿಟ್ಟು ನೆತ್ತಿಗೇರಿತು. ನಾಲ್ಕೂ ಊರಿನ ವಿಡಿಯೊದವರು ಕೂತಿದ್ದಾಗಲೇ, "ಹೆಂಡ್ತಿ ದನಿ ಉಳಿಸ್ಕೊಳ್ಳಾಕ ಬರದಾವ್ರು ಕ್ಯಾಮೆರಾ ಯಾಕ ಹಿಡೀತೀರಿ" ಎಂದುಬಿಟ್ಟೆ. ಅವನು ಎದ್ದು ಹೋದ. ಅಂದಿನಿಂದ ನಮ್ಮಿಬ್ಬರ ಮಾತು ಬಂದ್. ಮುಹೂರ್ತಗಳು ಬಂದು ಹೋದವು, ಕ್ಯಾಮೆರಾಗಳು ಮಾತ್ರ ಮೂರನೆಯವರ ಕೈಯಿಂದ ಓಡಾಡಿದವು.

ವಿಮಾನ ಇಳಿದಲ್ಲಿ

ಇಂಡಿ ಊರಿನ ನಮ್ಮ ವಿಡಿಯೊ ಗೆಳೆಯರು, ದೊಡ್ಡವರನ್ನು ನೋಡಲು ಬರಿಗೈಲಿ ಹೋಗಬಾರದೆಂದು ಒಂದು ಚೀಲ ನಿಂಬೆಹಣ್ಣು ಕೊಟ್ಟಿದ್ದರು. ಒಸಾಕಾದಲ್ಲಿ ಇಳಿದ ಕೂಡಲೇ ಅದಕ್ಕೆ ಕುತ್ತು ಬಂತು. ಸಮವಸ್ತ್ರದ ಒಬ್ಬ ಮನುಷ್ಯ ನನ್ನ ಚೀಲ ತೆರೆದು, ನಿಂಬೆಹಣ್ಣು ನೋಡಿ, ಸೊಂಟದಿಂದ ಬಗ್ಗಿ ನಮಸ್ಕರಿಸಿದ. ಇಂಡಿಯ ನಿಂಬೆಗೆ ಇಷ್ಟು ಮರ್ಯಾದೆಯೇ ಎಂದು ಹಿಗ್ಗಿದೆ. ಅದು ಕ್ಷಮೆ ಕೇಳುವ ನಮಸ್ಕಾರವಂತೆ. ಪರದೇಶದ ಹಸಿ ಹಣ್ಣು ಒಳಗೆ ಬಿಡುವಂತಿಲ್ಲ. ಒಂದೊಂದೇ ಹಣ್ಣನ್ನು ಎತ್ತಿ, ಮಲಗಿದ ಕೂಸನ್ನು ಎತ್ತಿದಂತೆ, ಒಂದು ಡಬ್ಬಿಗೆ ಹಾಕಿದ. ಕೊನೆಗೆ ಮತ್ತೊಮ್ಮೆ ಬಗ್ಗಿದ. ನಮ್ಮಲ್ಲಿ ಬೈದು ಕಸಿದುಕೊಂಡಿದ್ದರೆ ನಾಲ್ಕು ಮಾತು ಆಡಿ ಹಗುರಾಗಬಹುದಿತ್ತು. ಇಷ್ಟು ಮರ್ಯಾದೆಯಿಂದ ಕಸಿದುಕೊಂಡರೆ ಏನು ಮಾಡುವುದು? ನಾನೂ ಬಗ್ಗಿದೆ.

ರೊಟ್ಟಿ ಪಾಸಾಯಿತು. ಖಣದಲ್ಲಿ ಸುತ್ತಿದ ಡಿಸ್ಕನ್ನು ನಾನು ಯಾರ ಕೈಗೂ ಕೊಡಲಿಲ್ಲ.

ಹೊರಗೆ ಯುಕಾ ಎಂಬ ಹುಡುಗಿ ನನ್ನ ಹೆಸರಿನ ಹಲಗೆ ಹಿಡಿದು ನಿಂತಿದ್ದಳು. ಸಭೆಯವರು ಗೊತ್ತುಮಾಡಿದ ದುಭಾಷಿ. ಕಾಲೇಜಿನಲ್ಲಿ ಹಿಂದಿ ಓದಿದವಳು. ಅವಳ ಹಿಂದಿ ಇಸ್ತ್ರಿ ಮಾಡಿದ ಬಟ್ಟೆಯಂತಿತ್ತು, ನನ್ನದು ಸಿಂದಗಿ ಸಂತೆಯದು. ಮೊದಲ ಅರ್ಧ ತಾಸು ಇಬ್ಬರೂ ಒಬ್ಬರಿಗೊಬ್ಬರು ಬೇರೆ ಬೇರೆ ಭಾಷೆ ಆಡುತ್ತಿದ್ದೇವೆಂದೇ ತಿಳಿದಿದ್ದೆವು.

ರೈಲಿನಲ್ಲಿ ಒಬ್ಬರೂ ಮಾತಾಡಲಿಲ್ಲ. ಇಂಡಿಯಿಂದ ಹಳ್ಳಿಗೆ ಹೋಗುವ ಟೆಂಪೊದಲ್ಲಿ ಕೂತರೆ ಇಳಿಯುವಷ್ಟರಲ್ಲಿ ಪಕ್ಕದವರ ಸೊಸೆಯ ಗುಣ ಅವಗುಣ ಎಲ್ಲ ಗೊತ್ತಾಗಿರುತ್ತದೆ. ಇಲ್ಲಿ ಇಡೀ ಡಬ್ಬಿಯ ಜನ ಪರೀಕ್ಷೆ ಬರೆಯುವವರಂತೆ ಕೂತಿದ್ದರು. ಅಷ್ಟರಲ್ಲಿ ನನ್ನ ಫೋನು ಕೂಗಿತು. ರಿಂಗ್‌ಟೋನು ನಮ್ಮ ಕಡೆಯ ಮದುವೆಯ ಬ್ಯಾಂಡು. ಯಾರೂ ಏನೂ ಅನ್ನಲಿಲ್ಲ, ಎಲ್ಲರೂ ತಮ್ಮ ತಮ್ಮ ಬೂಟು ನೋಡಿಕೊಂಡರು. ಯುಕಾ ಮಾತ್ರ ಎದ್ದು ಎರಡೂ ಕಡೆ ಬಗ್ಗಿದಳು, ಬ್ಯಾಂಡು ಅವಳದೇ ಎಂಬಂತೆ.

ಸಭೆಯ ದಿನ

ಅಲ್ಲಿ ಪರಿಚಯವೆಂದರೆ ಎರಡೂ ಕೈಯಿಂದ ಹೆಸರಿನ ಕಾರ್ಡು ಕೊಟ್ಟುಕೊಳ್ಳುವುದು. ನನ್ನ ಹತ್ತಿರವಿದ್ದದ್ದು ಅಂಗಡಿಯ ಕಾರ್ಡು. ಅದರಲ್ಲಿ ದೊಡ್ಡದೊಂದು ಹೃದಯ, ಹೃದಯದೊಳಗೆ ಮದುಮಗ ಮದುಮಗಳು. ಹಿರಿಯರೆಲ್ಲ ಅದನ್ನು ಎರಡೂ ಕೈಯಲ್ಲಿ ಹಿಡಿದು, ಕನ್ನಡಕ ಸರಿಮಾಡಿಕೊಂಡು ನೋಡಿ, ಏನೋ ಹೇಳಿ ಬಗ್ಗಿದರು. ಏನಂದರು ಎಂದು ಯುಕಾಳನ್ನು ಕೇಳಿದೆ. ನಿಮ್ಮ ಮನೆಯ ಮದುವೆಗೆ ಶುಭಾಶಯ ಹೇಳುತ್ತಿದ್ದಾರೆ ಎಂದಳು. ಊಟ ಯಾವತ್ತು ಎಂದು ಕೇಳಲಿಲ್ಲ, ಅಷ್ಟೇ ಪುಣ್ಯ.

ಇನ್ನೊಂದು ಎಡವಟ್ಟು 'ಹಾಂ' ಎಂಬ ಮಾತಿನಿಂದಾಯಿತು. ಅವರು 'ಹಾಯ್' ಎಂದರೆ ಹೌದು ಎಂದರ್ಥ. ಸಭೆ ನಡೆಸುವವರು ಬಂದು ಏನೋ ಕೇಳಿದರು. ಕೇಳಿಸದ್ದಕ್ಕೆ ನಾನು ನಮ್ಮ ರೂಢಿಯಂತೆ "ಹಾಂ?" ಎಂದೆ. ಅವರು ಖುಷಿಯಿಂದ ತಲೆಯಾಡಿಸಿ ಬರೆದುಕೊಂಡು ಹೋದರು. ಅವರು ಕೇಳಿದ್ದು, ಎಲ್ಲರಿಗಿಂತ ಮೊದಲು ನೀವೇ ಮಾತಾಡುತ್ತೀರಾ ಎಂದು.

ಮಾತಾಡಿದೆ. ನಮ್ಮ ಕಡೆಯ ಡಿಸ್ಕುಗಳು ಏನಾಗುತ್ತವೆ ಎಂದು ಇದ್ದದ್ದು ಇದ್ದ ಹಾಗೆ ಹೇಳಿದೆ. ಬೇಸಿಗೆಯ ಬಿಸಿಲಿಗೆ ಸೊಟ್ಟಗಾಗುತ್ತವೆ. ಟ್ರ್ಯಾಕ್ಟರಿನ ಹಿಂದೆ ಹೊಳೆಯಲೆಂದು ಕೂರುತ್ತವೆ. ಇಂಡಿಯ ದ್ರಾಕ್ಷಿ ತೋಟಗಳಲ್ಲಿ ಹಕ್ಕಿ ಬೆದರಿಸಲು ಸಾಲುಸಾಲಾಗಿ ತೂಗುತ್ತವೆ, ಒಂದೊಂದು ಸಾಲಿಗೆ ಒಂದೊಂದು ಓಣಿಯ ಮದುವೆ. ಯುಕಾ ಇದನ್ನು ಹೇಳುತ್ತಿದ್ದಂತೆ ಹಿಂದಿನ ಸಾಲಿನಲ್ಲಿ ಒಬ್ಬ ಮುದುಕರು ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡರು. ನಗುತ್ತಿದ್ದರೋ ಅಳುತ್ತಿದ್ದರೋ ತಿಳಿಯಲಿಲ್ಲ. ಎರಡೂ ಎಂದು ಅವರೇ ಆಮೇಲೆ ಹೇಳಿದರು. ಬ್ಲೂ-ರೇ ಡಿಸ್ಕಿನ ಅಳತೆ, ಕಟ್ಟಳೆ ಗೊತ್ತುಮಾಡಿದ ಎಂಜಿನಿಯರುಗಳಲ್ಲಿ ಅವರೂ ಒಬ್ಬರು. ನೂರು ವರ್ಷ ಬಾಳಲಿ ಎಂದು ಮಾಡಿದೆವು, ಹಕ್ಕಿಗಳನ್ನು ಹೆದರಿಸಲೂ ಬರುತ್ತದೆಂದು ನಮ್ಮ ಕಾಗದದಲ್ಲಿ ಬರೆದಿರಲಿಲ್ಲ ಎಂದರು. ಅವರ ಹೆಸರು ಹರಾ, ಗೌರವಕ್ಕೆ ಹರಾ ಸಾನ್. ಹೆಸರಿನಲ್ಲೇ ಶಿವನನ್ನು ಇಟ್ಟುಕೊಂಡವರು ಸಿಕ್ಕರೆಂದರೆ ಈರಣ್ಣನಿಗೆ ಖುಷಿಯಾದೀತು ಎಂದುಕೊಂಡೆ. ಆಮೇಲೆ, ಅವನಿಗೆ ಹೇಳುವವರು ಯಾರು ಎಂದು ನೆನಪಾಯಿತು.

ಅವರಿಗೆ ಖಣ ಬಿಚ್ಚಿ ಡಿಸ್ಕು ತೋರಿಸಿದೆ. ನಾಳೆ ಮನೆಗೆ ಬನ್ನಿ ಎಂದರು.

ಹರಾ ಸಾನರ ಮನೆ

ಮನೆ ಸಣ್ಣದು. ಅದರಲ್ಲಿ ಒಂದು ಕೋಣೆಯ ತುಂಬ ಬರೀ ಹಳೆಯ ಯಂತ್ರಗಳು, ಒಂದೊಂದು ಒಂದೊಂದು ಕಂಪನಿಯದು. ಹರಾ ಸಾನರ ಹೆಂಡತಿ ಚಹಾ ತಂದಿಟ್ಟು, ಆ ಕೋಣೆಯ ಕಡೆ ನೋಡಿ, ನನ್ನ ಕಡೆ ನೋಡಿ ನಕ್ಕರು. ಆ ನಗುವಿಗೆ ದುಭಾಷಿ ಬೇಕಾಗಲಿಲ್ಲ.

ನಾನು ಕಡಕ್ ರೊಟ್ಟಿ ಕೊಟ್ಟೆ. ಹರಾ ಸಾನ್ ಅದನ್ನು ಅಂಚಿನಿಂದ ಹಿಡಿದು, ಬೆಳಕಿಗೆ ಎತ್ತಿ ನೋಡಿ, ಎಷ್ಟು ದಿನ ಕೆಡದೆ ಇರುತ್ತದೆ ಎಂದು ಕೇಳಿದರು. ತಿಂಗಳ ಮೇಲೆ ಇರುತ್ತದೆ ಎಂದೆ. ಬಹಳ ಗೌರವದಿಂದ ಕೆಳಗಿಟ್ಟರು. ಅದು ತಿನ್ನುವುದು ಎಂದು ಯುಕಾ ಎರಡು ಸಲ ಹೇಳಬೇಕಾಯಿತು.

ಆಮೇಲೆ ತಮ್ಮ ಕಥೆ ಹೇಳಿದರು. ಆ ಕಾಲಕ್ಕೆ ಅವರ ಕಂಪನಿಗೂ ಉಳಿದ ಕಂಪನಿಗಳಿಗೂ ಹಾವು ಮುಂಗುಸಿ ಸಂಬಂಧ. ಡಿಸ್ಕಿನ ಮೇಲೆ ಬರೆಯುವ ನೀಲಿ ಬೆಳಕಿನ ಮೊನೆ ಸಣ್ಣದು, ಮೊನೆ ಸಣ್ಣದಾದಷ್ಟೂ ಅದೇ ಡಿಸ್ಕಿನಲ್ಲಿ ಒತ್ತೊತ್ತಾಗಿ ಹೆಚ್ಚು ಬರೆಯಬಹುದು. ಇದು ಎಲ್ಲರಿಗೂ ಗೊತ್ತಿತ್ತು. ಆದರೆ ಒಬ್ಬೊಬ್ಬರು ಒಂದೊಂದು ರೀತಿ ಬರೆದರೆ ಒಬ್ಬರದು ಇನ್ನೊಬ್ಬರಲ್ಲಿ ತೆರೆಯುವುದಿಲ್ಲ, ಕೊಳ್ಳುವವರು ಎಲ್ಲರನ್ನೂ ಬಿಟ್ಟು ಹೋಗುತ್ತಾರೆ. ಹಾಗಾಗಿ ವರ್ಷವಿಡೀ ಕಚ್ಚಾಡುವವರು ಒಂದು ಮೇಜಿಗೆ ಬಂದು ಕೂತರು. ಆ ಮೇಜಿನಲ್ಲೂ ಎರಡು ಗುಂಪಾಗಿ, ಒಂದು ಗುಂಪು ಬೇರೆಯದೇ ಡಿಸ್ಕು ಮಾಡಿ ಸೋತಿತಂತೆ. ಹರಾ ಸಾನ್ ಅದನ್ನು ಹೇಳುವಾಗ ಗೆದ್ದ ಗುಂಪಿನವರೆಂದು ಅವರ ಮುಖವೇ ಹೇಳುತ್ತಿತ್ತು. ಇಷ್ಟು ಸಭ್ಯ ಮನುಷ್ಯರಿಗೂ ಅಷ್ಟು ಜಂಬ ಇರುತ್ತದೆ ಎಂದು ತಿಳಿದು ನನಗೆ ಸಮಾಧಾನವಾಯಿತು.

ಆಗಾಗ ಒಂದು ದೊಡ್ಡ ಹಾಲ್ ಹಿಡಿದು, ಎಲ್ಲ ಕಂಪನಿಯವರೂ ತಮ್ಮ ತಮ್ಮ ಯಂತ್ರ, ತಮ್ಮ ತಮ್ಮ ಡಿಸ್ಕು ಹೊತ್ತು ಬರುತ್ತಿದ್ದರಂತೆ. ಒಬ್ಬರ ಡಿಸ್ಕನ್ನು ಇನ್ನೊಬ್ಬರ ಯಂತ್ರಕ್ಕೆ ಹಾಕುವುದು, ತೆರೆಯುತ್ತದೋ ನೋಡುವುದು. ನನಗೆ ಕನ್ಯೆ ನೋಡುವ ಶಾಸ್ತ್ರ ನೆನಪಾಯಿತು. ತೆರೆಯದಿದ್ದರೆ ಡಿಸ್ಕಿನ ತಪ್ಪೋ ಯಂತ್ರದ ತಪ್ಪೋ ಎಂದು ಜಗಳವಾಗುತ್ತಿರಲಿಲ್ಲವೇ ಎಂದು ಕೇಳಿದೆ.

"ಆ ಹಾಲಿನಲ್ಲಿ ಒಂದು ನಿಯಮವಿತ್ತು" ಎಂದರು ಹರಾ ಸಾನ್. "ಯಾರ ತಪ್ಪು ಎಂದು ಯಾರೂ ಹೇಳುವಂತಿಲ್ಲ, ಬರೆಯುವಂತಿಲ್ಲ. ಇದಕ್ಕೂ ಅದಕ್ಕೂ ಹೊಂದಲಿಲ್ಲ ಎಂದಷ್ಟೇ ಬರೆಯಬೇಕು. ಆಮೇಲೆ ಇಬ್ಬರೂ ಮನೆಗೆ ಹೋಗಿ ತಮ್ಮ ತಮ್ಮದನ್ನು ನೋಡಿಕೊಳ್ಳಬೇಕು. ಅದೊಂದು ಇರದಿದ್ದರೆ ಮೊದಲ ದಿನವೇ ಎದ್ದು ಹೋಗುತ್ತಿದ್ದೆವು."

ನಾನು ಚಹಾದ ಬಟ್ಟಲು ನೋಡುತ್ತ ಕೂತೆ. ನಾಲ್ಕೂ ಊರಿನವರ ಮುಂದೆ ನಾನಾಡಿದ ಮಾತು ನೆನಪಿಗೆ ಬಂತು.

ಅದೇ ಕೋಣೆ

ಹರಾ ಸಾನ್ ಕಪಾಟಿನ ತಳದಿಂದ ಒಂದು ಯಂತ್ರ ತೆಗೆದರು. ಮುಗಿಸದೆ ಬಿಟ್ಟ ಡಿಸ್ಕನ್ನೂ ಓದಬಲ್ಲದ್ದು, ಪರೀಕ್ಷೆಗಾಗಿ ಮಾಡಿದ್ದು. ಡಿಸ್ಕು ಒಳಗೆ ಹೋಯಿತು. ಯಂತ್ರ ಗುಂಯ್ ಎಂದಿತು, ನಿಂತಿತು, ಮತ್ತೆ ಗುಂಯ್ ಎಂದಿತು. ಪರದೆ ಕಪ್ಪಾಗಿಯೇ ಇತ್ತು. ಮುದುಕರು ತಲೆ ಕೆರೆದುಕೊಂಡರು. ವೈನಿಗೆ ಹೋಗಿ ಏನು ಹೇಳಲಿ ಎಂದುಕೊಂಡೆ. ಅವರು ಡಿಸ್ಕು ಹೊರಗೆ ತೆಗೆದು, ಒಳಗಿನಿಂದ ಅಂಚಿನವರೆಗೆ ಮೆತ್ತಗೆ ಒರೆಸಿ, ಮತ್ತೆ ಹಾಕಿದರು. ಹೀಗೆ ನಾಲ್ಕು ಸಲ.

ಐದನೆಯ ಸಲಕ್ಕೆ ನಿಡಗುಂದಿಯ ಚಪ್ಪರ ಬಂತು.

ಕಾಶವ್ವ ವೈನಿ ಹಸಿರು ಸೀರೆಯಲ್ಲಿ, ಹೆಂಗಸರ ನಡುವೆ ಕೂತಿದ್ದರು. ಬೀಗರ ಪದ ಎತ್ತಿಕೊಂಡಿದ್ದರು, ಮಧ್ಯದಲ್ಲಿ ಕ್ಯಾಮೆರಾ ಹಿಡಿದ ಗಂಡನನ್ನೂ ಬಿಡಲಿಲ್ಲ. "ಪ್ಯಾಟಿ ಕ್ಯಾಮೆರಾ ತಂದಾನ ಮಾಂವ, ಮಾರಿ ಮಾತ್ರ ಹಳ್ಳೀದ" ಎಂದು ಎಳೆದು ಹಾಡಿದರು. ಹೆಂಗಸರು ನಕ್ಕರು, ಕ್ಯಾಮೆರಾ ಅಲ್ಲಾಡಿತು, ಹಿಡಿದವನೂ ನಕ್ಕಿರಬೇಕು. ತುಂಬಿದ ದನಿ. ಅಂಥ ದನಿ ಕೇಳಿ ಎಷ್ಟು ಕಾಲವಾಗಿತ್ತು. ನಾನು ಅತ್ತುಬಿಟ್ಟೆ. ಭಾಷೆ ಗೊತ್ತಿಲ್ಲದ ಹರಾ ಸಾನರ ಹೆಂಡತಿಯೂ ಬಾಗಿಲಲ್ಲಿ ನಿಂತು ಕೇಳಿದರು.

ಹಾಡು ನಿಂತ ಮೇಲೆ ಚಿತ್ರ ನೆಲಕ್ಕೆ ತಿರುಗಿತು. ಕ್ಯಾಮೆರಾ ಬಂದ್ ಮಾಡಿದ್ದೇನೆಂದು ತಿಳಿದು ಈರಣ್ಣ ಅದನ್ನು ಕೈಯಲ್ಲಿ ತೂಗಾಡಿಸಿಕೊಂಡು ಹೋಗಿದ್ದಾನೆ. ಬರೀ ಅವನ ಚಪ್ಪಲಿ, ಅವನ ಹೆಬ್ಬೆರಳು. ನಮ್ಮ ಕೆಲಸದಲ್ಲಿ ಎಲ್ಲರೂ ಒಮ್ಮೆಯಾದರೂ ಮಾಡುವ ತಪ್ಪು. ನಗಬೇಕೆನ್ನುವಷ್ಟರಲ್ಲಿ ಅವನ ದನಿ ಕೇಳಿತು.

"ಶಹನಾಜಕ್ಕಾರು ಹೇಳ್ಯಾರ, ಮುಗೀತು ಅಂತ ಒತ್ತಬೇಕಂತ. ಒತ್ತಲೇನು?"

"ಅಯ್ಯ, ಮದುವಿ ಮನ್ಯಾಗ ಮುಗೀತು ಅಂತಾರೇನು? ಈಗಷ್ಟ ಕೊರಳಿಗಿ ತಾಳಿ ಬಿದ್ದೈತಿ. ಒತ್ತಬ್ಯಾಡ್ರಿ. ಹಂಗ ಇರ್ಲಿ" ಎಂದಿತು ಕಾಶವ್ವ ವೈನಿಯ ದನಿ.

"ಹಂಗಾರ ಬ್ಯಾಡ ಬಿಡು."

ಅಲ್ಲಿಗೆ ಚಿತ್ರ ನಿಂತಿತು.

ಈರಣ್ಣ ಮರೆತಿರಲಿಲ್ಲ. ಹೆಂಡತಿ ಬೇಡ ಎಂದದ್ದಕ್ಕೆ ಬಿಟ್ಟಿದ್ದ. ದನಿ ಕಳೆದುಕೊಂಡವಳ ಮೇಲೆ ಆ ದನಿ ಕಳೆದ ತಪ್ಪೂ ಬೀಳಬಾರದೆಂದು, ನಾಲ್ಕು ಊರಿನವರ ಮುಂದೆ ನನ್ನ ಬೈಗುಳ ತಿಂದು, ಇಷ್ಟು ವರ್ಷ ಸುಮ್ಮನಿದ್ದ. ನನಗೆ ಬಹಳ ನಾಚಿಕೆಯಾಯಿತು. ಇಲ್ಲಿಯವರೆಗೆ ಅವನು, ಇವನು ಎಂದು ಬರೆದೆ. ಇನ್ನು ಹಾಗೆ ಬರೆಯಲು ಕೈ ಬರುವುದಿಲ್ಲ.

ಏನಾಯಿತೆಂದು ಯುಕಾ ಕೇಳಿದಳು. ಹೇಳಿದೆ. ನಮ್ಮಲ್ಲಿ ಶುಭಕಾರ್ಯದಲ್ಲಿ ಮುಗಿಯಿತು ಎನ್ನುವುದಿಲ್ಲ, ಮನೆಯಿಂದ ಹೊರಡುವಾಗಲೂ ಹೋಗುತ್ತೇನೆ ಎನ್ನದೆ ಬರುತ್ತೇನೆ ಎನ್ನುತ್ತೇವೆ ಎಂದು ವಿವರಿಸಿದೆ. ಇವರಿಗೆ ಇದು ಹುಚ್ಚಾಗಿ ಕಂಡೀತು ಎಂದುಕೊಂಡಿದ್ದೆ. ಹರಾ ಸಾನ್ ಹಣೆ ಹಣೆ ಬಡಿದುಕೊಂಡು ನಕ್ಕರು. ಅವರ ಮದುವೆಗಳಲ್ಲೂ ಮುಗಿಯಿತು ಎನ್ನಬಾರದಂತೆ, ಕತ್ತರಿಸು ಎನ್ನಬಾರದಂತೆ. ಊಟ ಮುಗಿದು ಜನ ಏಳುವಾಗ 'ತೆರೆಯೋಣ' ಎನ್ನುತ್ತಾರಂತೆ.

"ಅಷ್ಟು ಕಂಪನಿಯವರು ಕೂತು ಅಷ್ಟು ವರ್ಷ ಮಾತಾಡಿದೆವು" ಎಂದರು. "ಮದುವೆ ಮನೆಯಲ್ಲಿ ಈ ಮಾತು ಹೇಗೆ ಕೇಳಿಸುತ್ತದೆ ಎಂದು ಒಬ್ಬರೂ ಯೋಚಿಸಲಿಲ್ಲ. ಮುಗಿಸಿದರೆ ಆ ಡಿಸ್ಕು ಎಲ್ಲರಿಗೂ ತೆರೆಯುತ್ತದೆ. 'ತೆರೆಯಲೇ' ಎಂದೇ ಬರೆಸಬೇಕಿತ್ತು."

ಅದರ ನಕಲು ತೆಗೆದಾದ ಮೇಲೆ, ಯಂತ್ರ ಅದೇ ಹಳೆಯ ಪ್ರಶ್ನೆ ಕೇಳಿತು. ಇದು ಅವರ ವಸ್ತು, ಅವರನ್ನೇ ಕೇಳಿ ಎಂದರು ಹರಾ ಸಾನ್. ಊರಲ್ಲಿ ಆಗಷ್ಟೇ ಬೆಳಗಾಗಿತ್ತು. ಅಂಗಡಿ ತೆರೆಯುವವರೆಗೆ ಕಾದರೆ ಧೈರ್ಯ ಉಳಿಯುವುದಿಲ್ಲವೆಂದು ಆಗಲೇ ಫೋನು ಹಚ್ಚಿದೆ. ಈರಣ್ಣನವರೇ ಎತ್ತಿದರು.

"ನಾನ್ರಿ, ಶಹನಾಜ" ಎಂದೆ.

"ತೆರೀತೇನ್ರಿ?" ಎಂದರು.

"ತೆರೀತು. ವೈನಿ ಪದ ಪೂರಾ ಐತಿ."

"ನೀವು ಕಡೀತನ ನೋಡಿದ್ರೇನು? ಕ್ಯಾಮೆರಾ ಬಂದ್ ಆಗಿದ್ದಿಲ್ಲಂತ ನನಗ ಆಮ್ಯಾಲ ಗೊತ್ತಾತು."

"ನೋಡಿದ್ನಿ. ನಿಮ್ಮ ಚಪ್ಪಲಿನೂ ನೋಡಿದ್ನಿ."

"ಆ ತುಂಡ ಅಕಿಗಿ ತೋರಿಸಬ್ಯಾಡ್ರಿ ಅಕ್ಕಾರ" ಎಂದರು. "ತನ್ನಿಂದನ ಆತಂತ ಮನಸಿಗಿ ಹಚ್ಕೊಂತಾಳ. ನಾನ ಮರ್ತೇನಿ ಅಂತನ ಇರ್ಲಿ."

"ನನ್ನದು ತಪ್ಪಾತ್ರಿ ಈರಣ್ಣಾರ. ಅವತ್ತ ಹಂಗ ಅನಬಾರ್ದಿತ್ತು."

"ಇರ್ಲಿ ಬಿಡ್ರಿ. ಈಗೇನ ಮಾಡಾಕತ್ತೀರಿ?"

"ಮಷೀನ ಅದನ್ನ ಕೇಳಾಕತ್ತೈತಿ. ಇಲ್ಲಿ ಮಂದಿ ಅದಕ್ಕ ತೆರೀಲೇನು ಅಂತಾರಂತ."

"ಹಂಗಾರ ತೆರೀರಿ" ಎಂದರು.

ಒತ್ತಿದೆ.

ಮುದ್ದೇಬಿಹಾಳ

ಊರಿಗೆ ಬಂದ ಮರುದಿನವೇ ಮುದ್ದೇಬಿಹಾಳದ ಬಸ್ಸು ಹತ್ತಿದೆ. ಈರಣ್ಣನವರ ಅಂಗಡಿಯಲ್ಲಿ ಟೀವಿಯ ಮುಂದೆ ಕುರ್ಚಿ ಹಾಕಿ ವೈನಿಯನ್ನು ಕೂರಿಸಿದೆವು. ದಾರಿಯಲ್ಲೇ ನಾವಿಬ್ಬರೂ ಫೋನಿನಲ್ಲಿ ಮಾತಾಡಿಕೊಂಡಿದ್ದೆವು: ಹಾಡು ನಿಂತ ಕೂಡಲೇ ಬಂದ್ ಮಾಡಬೇಕು, ಚಪ್ಪಲಿ ಬರುವ ಮೊದಲೇ.

ಡಿಸ್ಕು ಈರಣ್ಣನವರ ಸಾದಾ ಯಂತ್ರದಲ್ಲೇ ತೆರೆಯಿತು. ವೈನಿ ತಮ್ಮ ದನಿ ಕೇಳುತ್ತ ಕೂತರು. ತುಟಿ ಅಲ್ಲಾಡುತ್ತಿದ್ದವು. 'ಮಾರಿ ಮಾತ್ರ ಹಳ್ಳೀದ' ಎಂಬಲ್ಲಿ ಗಂಡನ ಕಡೆ ತಿರುಗಿ ನೋಡಿದರು. ಅವರು ಗೋಡೆ ನೋಡುತ್ತಿದ್ದರು.

ಹಾಡು ನಿಂತಿತು. ನಾನು, ಈರಣ್ಣನವರು ಒಟ್ಟಿಗೇ ರಿಮೋಟಿಗೆ ಕೈ ಹಾಕಿದೆವು. ಟೀವಿ ಬಂದ್ ಆಯಿತು.

"ಯಾಕ ಬಂದ್ ಮಾಡಿದ್ರಿ?" ಎಂದು ಪಿಸುಗುಟ್ಟಿದರು ವೈನಿ. "ಮುಂದ ನನ್ನ ಮಾತ ಐತೆಲ್ಲ. ಕ್ಯಾಮೆರಾದ ಕೆಂಪ ದೀಪ ಹತ್ತಿದ್ದು ನಾ ನೋಡಿದ್ನಿ."

"ಏನ ಮಾತು? ಬರೇ ನನ್ನ ಕಾಲ ಅದಾವ" ಎಂದರು ಈರಣ್ಣನವರು.

"ಒತ್ತಬ್ಯಾಡ್ರಿ ಅಂದಿದ್ದು ನನಗ ನೆನಪಿಲ್ಲಂತ ತಿಳದೀರೇನು?"

"ಹೇಳಬೇಕಿಲ್ಲೇನ್ರಿ ವೈನಿ ಮತ್ತ?" ಎಂದೆ ನಾನು.

ಅವರು ಗಂಡನ ಕಡೆ ನೋಡಿದರು, ನನ್ನ ಕಡೆ ಅಲ್ಲ. "ಇವ್ರು ಅಷ್ಟ ಜ್ವಾಕಿಲೆ ಮುಚ್ಚಿಟ್ಟಿದ್ರು" ಎಂದರು. "ನಾ ಹ್ಯಾಂಗ ತೆರೀಲಿ?"

ಈರಣ್ಣನವರು ರಿಮೋಟನ್ನು ನನ್ನ ಕೈಗೆ ಕೊಟ್ಟು, ಹೆಂಡತಿಯ ಕುರ್ಚಿಯ ಪಕ್ಕ ನೆಲದ ಮೇಲೆ ಕೂತರು. ನಾನು ಹಚ್ಚಿದೆ. ಟೀವಿಯಲ್ಲಿ ಮೊದಲು ಅವರ ಚಪ್ಪಲಿ ಬಂದವು, ಆಮೇಲೆ ಆಕೆಯ ದನಿ.